ಗುಡ್ಡದ ಮೇಲೊಂದು ಬಾವಿ, ತೋಟದಲ್ಲೊಂದು ಬೋರು: ಅಂತರ್ಜಲದ ಭೂಭೌತಿಕ ಸಮೀಕ್ಷೆಯ ಸೇವೆ ಹೇಗಿತ್ತು?

ಕಳೆದ ವರ್ಷದ ಏಪ್ರಿಲ್ ಮೂರನೆಯ ವಾರದಲ್ಲಿ ಕುಮಟಾ ತಾಲೂಕಿನ ನಮ್ಮ ಮನೆಯ ಗುಡ್ಡದ ಮೇಲೆಯೂ, ಅದಾದ ನಾಲ್ಕನೆಯ ದಿನ ಶಿರಸಿ ಸಮೀಪದ ಸೋದರಮಾವನ ಅಡಿಕೆ ತೋಟದಲ್ಲಿಯೂ ಒಬ್ಬರೇ ಜಿಯಾಲಜಿಸ್ಟರಿಂದ ಅಂತರ್ಜಲದ ಭೂಭೌತಿಕ ಸಮೀಕ್ಷೆ, ಎಂದರೆ ನೆಲ ಅಗೆಯದೆ ಯಂತ್ರದಿಂದ ನೆಲದಡಿಯ ಪದರಗಳನ್ನು ಅಳೆದು ನೀರಿನ ಜಾಗ ಹುಡುಕುವ ಕೆಲಸ, ಮಾಡಿಸಿದೆವು. ಮೊದಲನೆಯ ಜಾಗದಲ್ಲಿ ಅವರು ಗುರುತು ಹಾಕಿದಲ್ಲಿ ಬಾವಿ ತೆಗೆಸಿ, ಒಂದು ಮಳೆಗಾಲ ಕಳೆದು, ಈ ವರ್ಷದ ಮೇ ಕೊನೆಯವರೆಗೂ ನೀರಿನ ಮಟ್ಟವನ್ನು ಹಗ್ಗ ಇಳಿಸಿ ಅಳೆದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎರಡನೆಯ ಜಾಗದಲ್ಲಿ ಕೊರೆಸಿದ ಬೋರು ಕೈಕೊಟ್ಟಿತು. ಯಂತ್ರವೂ ಒಂದೇ, ಅಳತೆ ಮಾಡಿದವರೂ ಒಬ್ಬರೇ ಆಗಿದ್ದರೂ ಫಲ ಬೇರೆಯಾದದ್ದಕ್ಕೆ ಕಾರಣಗಳಿವೆ. ಹಣ ಕೊಟ್ಟು ಈ ಸೇವೆ ಪಡೆಯಬೇಕೆಂದಿರುವವರಿಗೆ ಆ ಕಾರಣಗಳು ತಿಳಿದಿರಬೇಕು ಎಂಬುದೇ ನನ್ನ ಉದ್ದೇಶವಾದ್ದರಿಂದ, ಸೇವೆ ಕೊಟ್ಟವರ ಹೆಸರನ್ನು ಬಿಟ್ಟು ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮ ತೊಂದರೆ ಈ ಕರಾವಳಿಯವರಿಗೆಲ್ಲ ಪರಿಚಿತವಾದದ್ದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು, ಕೆಲವು ವರ್ಷ ಅದಕ್ಕೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಮಾರ್ಚ್ ಕೊನೆಗೆ ಬಾವಿಯ ತಳದಲ್ಲಿ ಕೊಡಪಾನ ಮುಳುಗುವಷ್ಟೂ ನೀರಿರುವುದಿಲ್ಲ. ಚಿರೆಕಲ್ಲಿನ (ಲ್ಯಾಟರೈಟ್) ನೆಲ ಜರಡಿಯಂತೆ ನೀರನ್ನು ಕುಡಿಯುತ್ತದೆ, ಅಷ್ಟೇ ಬೇಗ ಗುಡ್ಡದ ಬುಡದ ಹಳ್ಳಕ್ಕೆ, ಅಲ್ಲಿಂದ ಸಮುದ್ರದ ಉಪ್ಪುನೀರು ಒಳಬರುವ ಖಾರಿಗೆ, ಖಾರಿಯಿಂದ ಸಮುದ್ರಕ್ಕೆ ಬಿಟ್ಟುಕೊಡುತ್ತದೆ. ನಮ್ಮ ಅಜ್ಜನ ಕಾಲದ ಬಾವಿ 36 ಅಡಿ ಆಳದ್ದು. ಅದನ್ನು ನಂಬಿದ ಮನೆಗಳು ನಾಲ್ಕು. ಎಂಟು ವರ್ಷದ ಹಿಂದೆ ಬೋರ್‌ವೆಲ್ ಏಜೆಂಟರೊಬ್ಬರು ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ತೋರಿಸಿದಲ್ಲಿ 250 ಅಡಿ ಕೊರೆಸಿದ್ದೆವು, ಬಂದದ್ದು ಬಿಳಿಯ ಧೂಳು. ಗುಡ್ಡದ ಬುಡದ ನೆರೆಯವರು 180 ಅಡಿ ಕೊರೆಸಿದರು, ನೀರು ಬಂದಿತು, ಆದರೆ ಬಾಯಿಗೆ ಹಾಕಲಾಗದಷ್ಟು ಉಪ್ಪು. ಆಳಕ್ಕೆ ಹೋಗಬೇಕೋ ಬೇಡವೋ, ಹೋಗುವುದಾದರೆ ಎಲ್ಲಿ, ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗೆ ಉತ್ತರ ಬೇಕಿತ್ತು.

ನಾವು ಕರೆಸಿದವರು ನಮ್ಮ ಜಿಲ್ಲೆಯವರೇ. ಓದು ಮುಗಿಸಿ ಹನ್ನೊಂದು ವರ್ಷ ಪಶ್ಚಿಮ ರಾಜಸ್ಥಾನದಲ್ಲಿ, ಜೋಧಪುರ ಮತ್ತು ಜೈಸಲ್ಮೇರ್ ಕಡೆಯ ಹಳ್ಳಿಗಳಲ್ಲಿ, ಇದೇ ಕೆಲಸ ಮಾಡಿ ಊರಿಗೆ ಮರಳಿದವರು. ಮರಳುಗಾಡಿನ ವಿದ್ಯೆ ನಮ್ಮ ಮಳೆಗಾಡಿಗೆ ಹೊಂದುತ್ತದೆಯೇ ಎಂಬ ಅನುಮಾನ ನನಗೆ ಮೊದಲಿನಿಂದ ಇತ್ತು, ಅದನ್ನು ಅವರ ಎದುರಿಗೇ ಕೇಳಿದೆ. ಅವರ ಉತ್ತರ ನನಗೆ ಹಿಡಿಸಿತು. ಏಪ್ರಿಲ್ ತಿಂಗಳ ಚಿರೆಕಲ್ಲಿನ ಗುಡ್ಡವೂ ಮರಳುಗಾಡೂ ಅಳತೆಯ ಲೆಕ್ಕದಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತವೆ, ಎರಡರಲ್ಲಿಯೂ ಮೇಲಿನ ಹತ್ತಿಪ್ಪತ್ತು ಅಡಿ ಎಲುಬಿನಂತೆ ಒಣಗಿರುತ್ತದೆ, ಎರಡರಲ್ಲಿಯೂ ಸಿಹಿನೀರು ತೆಳ್ಳಗಿನ ಪದರವಾಗಿ ಯಾವುದೋ ಒಂದು ನೀರಿಳಿಯದ ಹಾಸಿನ ಮೇಲೆ ಕೂತಿರುತ್ತದೆ ಎಂದರು. ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚು. ಆದರೂ ಅಲ್ಲಿಯವರು ಮರಳಿನ ಕೆಳಗೆ ಜಿಪ್ಸಮ್ ಪಟ್ಟಿ ಇರುವ ಕಡೆ 'ಕುಂಯಿ' ಎಂಬ ಕಿರುಬಾವಿಗಳನ್ನು ತೋಡಿ, ಮರಳು ಹಿಡಿದಿಟ್ಟ ಮಳೆಯ ತೇವವನ್ನು ಹನಿಹನಿಯಾಗಿ ಕೂಡಿಸಿಕೊಂಡು ಬದುಕಿದ್ದಾರೆ. ಆ ಪಟ್ಟಿಯನ್ನು ಒಡೆದರೆ ಕೆಳಗಿನ ಉಪ್ಪುನೀರು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಜಿಪ್ಸಮ್ ಪಟ್ಟಿಯ ಜಾಗದಲ್ಲಿ ಇರುವುದು ಶೇಡಿ ಮಣ್ಣು, ಮೊದಲು ಗೋಡೆಗೆ ಹಸೆ ಬರೆಯಲು ಕಲಸುತ್ತಿದ್ದ ಅದೇ ಬಿಳಿಯ ನುಣ್ಣನೆಯ ಮಣ್ಣು.

ಅಳತೆಯ ದಿನ ಬೆಳಿಗ್ಗೆ ಏಳಕ್ಕೆ ಅವರು ಇಬ್ಬರು ಸಹಾಯಕರೊಡನೆ ಬಂದರು. ಸಾಮಾನು ಹೆಚ್ಚೇನಿಲ್ಲ: ಸೂಟ್‌ಕೇಸಿನಷ್ಟು ದೊಡ್ಡ ರೋಧಮಾಪಕ ಯಂತ್ರ, ಅದಕ್ಕೊಂದು ಬ್ಯಾಟರಿ, ನಾಲ್ಕು ಸುತ್ತು ತಂತಿ, ಮೊಳದುದ್ದದ ನಾಲ್ಕು ಸ್ಟೀಲ್ ಗೂಟ, ಸುತ್ತಿಗೆ, ಅಳತೆಯ ಟೇಪು, ಎರಡು ಕ್ಯಾನು ಉಪ್ಪುನೀರು. ಹೊರಗಿನ ಎರಡು ಗೂಟಗಳ ಮೂಲಕ ನೆಲಕ್ಕೆ ಕರೆಂಟು ಹಾಯಿಸುವುದು, ನಡುವಿನ ಎರಡು ಗೂಟಗಳ ನಡುವೆ ಎಷ್ಟು ವೋಲ್ಟೇಜು ಏಳುತ್ತದೆ ಎಂದು ನೋಡುವುದು, ಇಷ್ಟೇ ಕೆಲಸ. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಕರೆಂಟು ಹೆಚ್ಚು ಆಳಕ್ಕೆ ಇಳಿದು ಬರುತ್ತದೆ, ಹಾಗಾಗಿ ದೂರ ಹೆಚ್ಚಿಸುತ್ತ ಹೋದಂತೆ ಒಂದರ ಕೆಳಗೊಂದು ಪದರದ ಗುಣ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ನೆಲಕ್ಕೆ ಕರೆಂಟು ಹಾಯಿಸಿ ಅದಿರು ಹುಡುಕುವ ಪ್ರಯೋಗ ಆರಂಭಿಸಿದರು, ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ನಾಲ್ಕು ಗೂಟಗಳನ್ನು ಸಮದೂರದಲ್ಲಿಟ್ಟು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಈ ಇಬ್ಬರ ಹೆಸರಿನ ಎರಡು ಜೋಡಣೆಗಳೇ ಇಂದಿಗೂ ನಮ್ಮ ತೋಟ ಗದ್ದೆಗಳಲ್ಲಿ ಬಳಕೆಯಲ್ಲಿವೆ.

ಉಪ್ಪುನೀರಿನ ಕ್ಯಾನು ಏಕೆಂದು ಮೊದಲು ಅರ್ಥವಾಗಿರಲಿಲ್ಲ. ಗೂಟ ಹೊಡೆದಾಗ ಚಿರೆಕಲ್ಲಿನ ಪುಡಿ ಸುತ್ತ ಹಾರಿ, ಗೂಟಕ್ಕೂ ನೆಲಕ್ಕೂ ನಡುವೆ ಬೆರಳಿಡುವಷ್ಟು ಸಡಿಲು ಉಳಿಯಿತು. ಯಂತ್ರ ಕರೆಂಟು ಕಳಿಸಲು ನೋಡಿತು, ನೆಲ ತೆಗೆದುಕೊಳ್ಳಲಿಲ್ಲ. ಸಹಾಯಕ ಗೂಟ ಕಿತ್ತು, ಆ ಗುಂಡಿಗೆ ಅರ್ಧ ತಂಬಿಗೆ ಉಪ್ಪುನೀರು ಸುರಿದು, ಒದ್ದೆ ಮಣ್ಣನ್ನು ಕೈಯಿಂದಲೇ ಕಲಸಿ ಗೂಟದ ಸುತ್ತ ಒತ್ತಿದ. ಎರಡು ನಿಮಿಷ ಕಾದ ಮೇಲೆ ಅಂಕಿ ನಿಂತಿತು. ಒಣ ಮರಳಿನ ಮೇಲೆ ಅಳತೆ ಮಾಡುವವರೆಲ್ಲ ಮಾಡುವ ಕೆಲಸವಿದು. ಇದನ್ನು ಮಾಡದೆ ಬೇಸಿಗೆಯ ಗುಡ್ಡದಲ್ಲಿ ಸರಸರನೆ ಅಳೆದು ಹೋಗುವವರ ಅಂಕಿಗಳನ್ನು ನಂಬಬಾರದು ಎಂದು ನನಗೆ ಈಗ ಅನಿಸುತ್ತದೆ. ಮಳೆಗಾಲದಲ್ಲಿ ಅಳೆದರೆ ಈ ತೊಂದರೆ ಇರುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಆಗ ಎಲ್ಲ ಪದರವೂ ನೀರು ಕುಡಿದಿರುತ್ತದೆ, ಬೇಸಿಗೆಯಲ್ಲಿ ಉಳಿಯುವ ನೀರು ಯಾವುದು, ಹರಿದುಹೋಗುವ ನೀರು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ ಎಂದರು. ಗುಡ್ಡದ ತೆರೆದ ಬಾವಿಗೆ ಜಾಗ ನೋಡುವುದಾದರೆ ಏಪ್ರಿಲ್, ಮೇ ತಿಂಗಳೇ ಸರಿ.

ನನಗೆ ಅತಿ ಮುಖ್ಯವೆನಿಸಿದ್ದು ಅವರು ಕೆಲಸ ಆರಂಭಿಸಿದ ಜಾಗ. ಹೊಸ ಜಾಗಕ್ಕೆ ಹೋಗುವ ಮೊದಲು, ಬತ್ತಿದ ಹಳೆಯ ಬಾವಿಯ ಪಕ್ಕದಲ್ಲಿಯೇ ಮೊದಲ ಅಳತೆ ಮಾಡಿದರು. ಅಲ್ಲಿ ಎಷ್ಟು ಅಡಿಗೆ ಏನಿದೆ ಎಂಬುದು ಬಾವಿಯ ಗೋಡೆಯಲ್ಲಿ ಕಣ್ಣಿಗೇ ಕಾಣುತ್ತದೆ, ಅದನ್ನು ಅಂಕಿಗೆ ಹೋಲಿಸಿಕೊಂಡರೆ ಮುಂದಿನ ಅಳತೆಗಳಿಗೆ ಅದೇ ಅಳತೆಗೋಲು. ಹೊರ ಗೂಟಗಳು ನಡುಬಿಂದುವಿನಿಂದ 20 ಮೀಟರ್ ದೂರದಲ್ಲಿಯೂ ಒಳ ಗೂಟಗಳು 2 ಮೀಟರ್ ದೂರದಲ್ಲಿಯೂ ಇದ್ದಾಗ ಯಂತ್ರ 2.1 ಓಮ್ ತೋರಿಸಿತು. ಗೂಟಗಳ ದೂರದಿಂದ ಲೆಕ್ಕ ಹಾಕುವ ಆ ಜೋಡಣೆಯ ಗುಣಕ 311, ಗುಣಿಸಿದರೆ ರೋಧಶೀಲತೆ, ಎಂದರೆ ಕರೆಂಟಿಗೆ ನೆಲ ಒಡ್ಡುವ ಅಡ್ಡಿಯ ಅಳತೆ, 653 ಓಮ್-ಮೀಟರ್. ಗೂಟಗಳನ್ನು 60 ಮೀಟರಿಗೆ ಸರಿಸಿ, ಒಳಗಿನವನ್ನು 5 ಮೀಟರಿಗೆ ಇಟ್ಟಾಗ ಅಂಕಿ 0.09 ಓಮ್‌ಗೆ ಇಳಿಯಿತು, ಗುಣಕ 1,123 ಆದದ್ದರಿಂದ ರೋಧಶೀಲತೆ 101. ಇಷ್ಟು ಸಣ್ಣ ಅಂಕಿಯಲ್ಲಿ ಪಕ್ಕದ ವಿದ್ಯುತ್ ಲೈನೋ ಕಬ್ಬಿಣದ ಬೇಲಿಯೋ ಎಷ್ಟು ಸುಲಭವಾಗಿ ಕಲಬೆರಕೆ ಮಾಡಬಲ್ಲದು ಎಂಬುದನ್ನು ಓದುಗರು ಇಲ್ಲಿಯೇ ಗಮನಿಸಬೇಕು, ಶಿರಸಿಯ ಕಥೆಗೆ ಅದು ಬೇಕಾಗುತ್ತದೆ. ಪ್ರತಿ ಓದನ್ನೂ ಅವರು ಪುಸ್ತಕದಲ್ಲಿ ಬರೆದು, ಅಲ್ಲಿಯೇ ಲಾಗ್ ಹಾಳೆಯ (ಲಾಗರಿದಮ್ ಅಳತೆಯ ಗ್ರಾಫ್ ಹಾಳೆ) ಮೇಲೆ ಚುಕ್ಕಿ ಇಟ್ಟು, ಚುಕ್ಕಿಗಳ ಗೆರೆ ಒಮ್ಮೆಲೇ ಜಿಗಿದ ಕಡೆ ಮತ್ತೆ ಅಳೆದರು. ಒಂದು ಪಾಯಿಂಟಿಗೆ ಒಂದೂವರೆ ತಾಸು ಹಿಡಿಯಿತು.

ಈ ಅಳತೆಗೆ ನೀರು ಕಾಣುವುದಿಲ್ಲ, ಕರೆಂಟಿಗೆ ನೆಲ ಎಷ್ಟು ಅಡ್ಡಿ ಮಾಡುತ್ತದೆ ಎಂಬುದು ಮಾತ್ರ ಕಾಣುತ್ತದೆ. ನಮ್ಮ ಕಡೆ ಪಾಯಿಂಟ್ ನೋಡುವ ಅನೇಕರು ಹಾಗೂ ನೋಡಿಸುವ ನಾವೆಲ್ಲ ಎಡವುವುದು ಇಲ್ಲಿಯೇ. ಅಂಕಿ ಕಡಿಮೆಯಾದರೆ ನೀರು ಎಂಬ ನಂಬಿಕೆ ಊರೂರಿನಲ್ಲಿ ಬೇರುಬಿಟ್ಟಿದೆ. ಒಣ ಚಿರೆಕಲ್ಲಿಗೆ ಸಾವಿರ, ಎರಡು ಸಾವಿರ ಓಮ್-ಮೀಟರ್ ಬರುವುದುಂಟು, ಬಿರುಕಿಲ್ಲದ ಗಟ್ಟಿ ಬಂಡೆಗೂ ಹಾಗೆಯೇ. ಸಿಹಿನೀರು ತುಂಬಿದ ಸವೆದ ಕಲ್ಲಿಗೋ ಮರಳಿಗೋ ಹಲವು ಹತ್ತುಗಳಿಂದ ಒಂದೆರಡು ನೂರರವರೆಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಜೇಡಿಯೋ ಉಪ್ಪುನೀರೋ ಎಂದು ಮೊದಲು ಅನುಮಾನಿಸಬೇಕು. ಜೇಡಿಯ ಮಣ್ಣು ನೀರನ್ನು ಹಿಡಿದಿಟ್ಟುಕೊಂಡಿದ್ದರೂ ಬಾವಿಗೆ ಬಿಟ್ಟುಕೊಡುವುದಿಲ್ಲ, ಉಪ್ಪುನೀರು ತುಂಬಿದ ಪದರದಲ್ಲಿ ಅಂಕಿ ಒಂದಂಕಿಗೆ ಇಳಿಯುತ್ತದೆ, ಶುದ್ಧ ಸಮುದ್ರದ ನೀರಾದರೆ ಸುಮಾರು 0.2 ಓಮ್-ಮೀಟರ್. ರಾಜಸ್ಥಾನದಲ್ಲಿ ಕೆಲಸ ಮಾಡಿದವರಿಗೆ ಇದು ಮೊದಲ ಪಾಠ, ಏಕೆಂದರೆ ಅಲ್ಲಿ ಆಳದ ನೀರಿನ ಬಹುಪಾಲು ಉಪ್ಪು, ಅತಿ ಕಡಿಮೆ ಅಂಕಿ ಕಂಡಲ್ಲಿ ಕೊರೆದರೆ ಉಪ್ಪಿನ ಬೋರೇ ಸಿಗುತ್ತದೆ. ನಡುವಿನ ಅಂಕಿಯನ್ನು ಹುಡುಕುವ ಆ ಅಭ್ಯಾಸವೇ ನಮ್ಮ ಗುಡ್ಡದಲ್ಲಿ ಕೆಲಸಕ್ಕೆ ಬಂದಿತು.

ಹಳೆಯ ಬಾವಿಯ ಹತ್ತಿರ ಮೇಲಿನ ಪದರ ಎರಡು ಸಾವಿರ ದಾಟಿತ್ತು, ಸುಮಾರು 38 ಅಡಿಯಿಂದ ಕೆಳಗೆ 180ರ ಒಂದು ತೆಳು ಪದರ, ಅದರ ಕೆಳಗೆ 45, ಆಮೇಲೆ ಬಂಡೆ. ಹಿಂದೆ ಏಜೆಂಟರು ತೋರಿಸಿದ್ದೂ 'ಯಂತ್ರದಲ್ಲಿ ನೋಡಿದ' ಇನ್ನೊಬ್ಬರು ಹೇಳಿದ್ದೂ 45ರ ಪದರದ ಆಳವನ್ನೇ. ಇವರು ಅದರ ಮೇಲೆ ಪೆನ್ಸಿಲ್ ಇಟ್ಟು, ಇದು ಶೇಡಿ, ಇಲ್ಲಿಗೆ ಬಾವಿ ಇಳಿಸಿದರೆ ಕೆಸರು ಮಾತ್ರ, ನಿಮಗೆ ಬೇಕಾದದ್ದು ಇದರ ಮೇಲೆ ಕೂತ 180ರ ಪದರ, ಅದು ಎಲ್ಲಿ ದಪ್ಪವಾಗಿದೆ ಎಂದು ಹುಡುಕೋಣ ಎಂದರು. ಆಮೇಲೆ ವೆನ್ನರ್ ಜೋಡಣೆಯಲ್ಲಿ ಗೂಟಗಳ ಅಂತರ ಬದಲಿಸದೆ, ಇಡೀ ಸಾಲನ್ನೇ ಗುಡ್ಡದ ಅಡ್ಡಕ್ಕೆ ಹತ್ತು ಹತ್ತು ಮೀಟರ್ ಸರಿಸುತ್ತ ಹೋದರು. ಹಳೆಯ ಬಾವಿಯಿಂದ ಪಶ್ಚಿಮಕ್ಕೆ 60 ಮೀಟರ್ ದೂರದಲ್ಲಿ, ಹಲಸಿನ ಮರದ ಆಚೆ, ಅಂಕಿಗಳು ಬದಲಾದವು. ಅಲ್ಲಿ ಪೂರ್ತಿ ಅಳತೆ ಮಾಡಿದಾಗ ಶೇಡಿಯ ಹಾಸು ತಟ್ಟೆಯಂತೆ ತಗ್ಗಿದ್ದು ಕಂಡಿತು. ನೀರಿನ ಪದರ 40 ಅಡಿಯಿಂದ 56 ಅಡಿಯವರೆಗೆ ಇರಬಹುದು, 55 ಅಡಿ ದಾಟಬೇಡಿ ಎಂಬುದು ಅವರ ಸಲಹೆ.

ಮೂರನೆಯ ಅಳತೆ ಗುಡ್ಡದ ಬುಡದ ತೆಂಗಿನ ತೋಟದಲ್ಲಿ. ಅಲ್ಲಿ ಆರೇಳು ಅಡಿಗೆ 140 ಓಮ್-ಮೀಟರಿನ ಒಳ್ಳೆಯ ಮರಳಿನ ಪದರವಿತ್ತು, ಆದರೆ 30 ಅಡಿಯ ಕೆಳಗೆ ಅಂಕಿ 6ಕ್ಕೆ ಕುಸಿಯಿತು. ಖಾರಿಯ ಉಪ್ಪು ಅಲ್ಲಿಯವರೆಗೆ ಬಂದಿದೆ ಎಂದು ಅವರು ಹೇಳಿದ್ದಕ್ಕೆ ನೆರೆಯವರ ಬೋರೇ ಸಾಕ್ಷಿ. ಸಿಹಿನೀರು ಉಪ್ಪುನೀರಿಗಿಂತ ಸ್ವಲ್ಪ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು ಇರಬಲ್ಲದು ಎಂಬ ಲೆಕ್ಕವನ್ನು 1889ರಲ್ಲಿ ನೆದರ್ಲೆಂಡ್ಸಿನ ಬಾಡನ್ ಗೀಬೆನ್ ಮತ್ತು 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡರು. ಅದೇ ಲೆಕ್ಕದಲ್ಲಿ, ದೊಡ್ಡ ಪಂಪು ಹಾಕಿ ಮಟ್ಟವನ್ನು ಒಂದು ಅಡಿ ಇಳಿಸಿಟ್ಟರೆ ಕೆಳಗಿನ ಉಪ್ಪು 40 ಅಡಿಯವರೆಗೆ ಮೇಲೇರಲು ದಾರಿಯಾಗುತ್ತದೆ. ಹೀಗಾಗಿ ತೆಂಗಿನ ತೋಟದಲ್ಲಿ 15 ಅಡಿಗಿಂತ ಆಳ ಬೇಡ, ಸಿಮೆಂಟ್ ರಿಂಗ್ ಇಳಿಸಿ ಸಣ್ಣ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಎತ್ತಿ ಎಂದು ಬರೆದುಕೊಟ್ಟರು. ಗೋಕರ್ಣದಿಂದ ಹೊನ್ನಾವರದವರೆಗೆ ಖಾರಿಯ ಅಂಚಿನಲ್ಲಿ ಜಾಗ ಇರುವವರೆಲ್ಲ ಬೋರ್ ಲಾರಿಗೆ ಫೋನ್ ಮಾಡುವ ಮೊದಲು ಈ ಒಂದು ಅಳತೆಯನ್ನಾದರೂ ಮಾಡಿಸಬೇಕು. ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದ ಭಾಗ ಇದೇ ಎಂದು ಭಾವಿಸುತ್ತೇನೆ.

ಹಲಸಿನ ಮರದ ಆಚೆಯ ಜಾಗದಲ್ಲಿ ಮೇ ಮೊದಲ ವಾರ ಬಾವಿ ತೆಗೆಸಿದೆವು. ಚಿರೆಕಲ್ಲು ಮೇಲಿನ 20 ಅಡಿ ಕಲ್ಲಿನಂತೆಯೇ ಇತ್ತು, ಪಿಕಾಸಿಯ ಮೊನೆ ದಿನಕ್ಕೆರಡು ಬಾರಿ ಕಾಯಿಸಿ ತಟ್ಟಬೇಕಾಯಿತು. 38 ಅಡಿಗೆ ಮಣ್ಣು ಅಂಗೈಗೆ ತಂಪಾಗಿ ಹತ್ತತೊಡಗಿತು, 42 ಅಡಿಗೆ ಪಶ್ಚಿಮದ ಗೋಡೆಯಲ್ಲಿ ಬೆರಳು ದಪ್ಪದ ಒರತೆ ಒಡೆಯಿತು. 50 ಅಡಿಗೆ ಬುಟ್ಟಿಯಲ್ಲಿ ಮೇಲೆ ಬಂದ ಮಣ್ಣು ಬೆಳ್ಳಗೆ, ಅಲ್ಲಲ್ಲಿ ನೇರಳೆ ಗೆರೆಯೊಂದಿಗೆ, ಬೆಣ್ಣೆಯಂತೆ ಜಾರುತ್ತಿತ್ತು. ಬಾವಿಯೊಳಗಿದ್ದ ಹಿರಿಯರು ಅಲ್ಲಿಂದಲೇ ಕೂಗಿ ಹೇಳಿದರು: "ತಮ್ಮಾ, ಶೇಡಿ ಬಂತು. ಇನ್ನು ಒಂದು ಗೇಣು ಇಳಿದರೂ ಲುಕ್ಸಾನೇ." ಅಲ್ಲಿಗೇ ನಿಲ್ಲಿಸಿದೆವು. ವರದಿ 56 ಅಡಿ ಎಂದಿತ್ತು, ನೆಲ 50ಕ್ಕೇ ಶೇಡಿ ತೋರಿಸಿತು. ಈ ಆರು ಅಡಿಯ ವ್ಯತ್ಯಾಸ ಯಂತ್ರದ ದೋಷವಲ್ಲ ಎಂದು ಅವರು ನಂತರ ವಿವರಿಸಿದರು. ತೆಳು ಪದರಗಳಲ್ಲಿ ದಪ್ಪವನ್ನೂ ರೋಧಶೀಲತೆಯನ್ನೂ ಬೇರೆ ಬೇರೆಯಾಗಿ ಹಿಡಿಯಲು ಮೇಲಿನಿಂದ ಮಾಡುವ ಅಳತೆಗೆ ಆಗುವುದಿಲ್ಲ, ತುಸು ದಪ್ಪದ ಒಂದು ಪದರವೂ ತುಸು ತೆಳುವಾದ ಇನ್ನೊಂದು ಪದರವೂ ಒಂದೇ ಗೆರೆಯನ್ನು ಕೊಡುತ್ತವೆ. ಇದನ್ನು ವರದಿಯಲ್ಲಿಯೇ '50ರಿಂದ 56' ಎಂದು ಬರೆದಿದ್ದರೆ ನಾವು ಮೊದಲೇ ಸಿದ್ಧರಿರುತ್ತಿದ್ದೆವು. ಒಂದೇ ಅಂಕಿ ಬರೆದು ಖಚಿತವಾಗಿ ಹೇಳಿದಂತೆ ತೋರಿಸುವುದು ಸರಿಯಲ್ಲ.

ಈಗ ಆ ಬಾವಿಯಲ್ಲಿ ಎಂಟಡಿ ವ್ಯಾಸಕ್ಕೆ ಮೇ ಕೊನೆಯ ಬೆಳಿಗ್ಗೆ ಮೂರೂವರೆ ಅಡಿ ನೀರಿತ್ತು, ಎಂದರೆ ಸುಮಾರು ಐದು ಸಾವಿರ ಲೀಟರ್. ಅರ್ಧ ಎಚ್‌ಪಿ ಪಂಪಿನಿಂದ ಬಹುಪಾಲು ಎತ್ತಿದ ಮೇಲೆ ರಾತ್ರಿ ಕಳೆದು ಬೆಳಗಾಗುವಾಗ ಮತ್ತೆ ಅದೇ ಗುರುತಿಗೆ ಏರಿತ್ತು. ನಾಲ್ಕು ಮನೆಯ ಕುಡಿಯುವುದಕ್ಕೂ ಅಡುಗೆಗೂ ದನಗಳಿಗೂ ಇದು ಸಾಕು, ತೋಟಕ್ಕೆ ಸಾಲದು. ತೋಟಕ್ಕೆ ಸಾಲದು ಎಂಬುದನ್ನೂ ಅವರು ಮೊದಲೇ ಬಾಯಿಬಿಟ್ಟು ಹೇಳಿದ್ದರು. ಈ ಪ್ರಾಮಾಣಿಕತೆಗೆ ನನ್ನ ಗೌರವವಿದೆ.

ಇನ್ನು ಶಿರಸಿಯ ತೋಟ. ಅಲ್ಲಿನ ನೆಲವೇ ಬೇರೆ: ಕಣಿವೆಯ ತಳದಲ್ಲಿ ತೋಟ, ಎರಡೂ ಬದಿಗೆ ಸೊಪ್ಪಿನ ಬೆಟ್ಟ, ಮೇಲೆ ಸವೆದ ಮಣ್ಣು, ಕೆಳಗೆ ಗಟ್ಟಿ ಕಲ್ಲು. ಅಂಥ ಕಲ್ಲಿನಲ್ಲಿ ನೀರು ಸಿಗುವುದು ಪದರದಲ್ಲಿ ಅಲ್ಲ, ಬಿರುಕಿನಲ್ಲಿ. ಬಿರುಕು ನೆಟ್ಟಗೆ ನಿಂತಿದ್ದರೆ ಒಂದೇ ಪಾಯಿಂಟಿನ ಆಳದ ಅಳತೆ ಅದರ ಪಕ್ಕದಲ್ಲೇ ಹಾದು ಹೋದರೂ ಕಾಣದೆ ಇರಬಹುದು, ಏಕೆಂದರೆ ಆ ಲೆಕ್ಕವೆಲ್ಲ ನೆಲವು ಚಪ್ಪಟೆ ಹಾಸುಗಳ ಅಟ್ಟಿ ಎಂದು ಒಪ್ಪಿಕೊಂಡು ಮಾಡುವ ಲೆಕ್ಕ. ಕುಮಟಾದಲ್ಲಿ ಮಾಡಿದ ಹಾಗೆ ಸಾಲನ್ನು ಅಡ್ಡಕ್ಕೆ ಸರಿಸುತ್ತ ಹೋಗಬೇಕಿತ್ತು. ಆ ದಿನ ಅವರು ಮಧ್ಯಾಹ್ನ ಮೂರಕ್ಕೆ ಬಂದರು, ಸಂಜೆ ಇನ್ನೊಂದು ಊರಿಗೆ ಹೋಗಬೇಕಿತ್ತು. ಒಂದೇ ಪಾಯಿಂಟ್ ನೋಡಿದರು. ಅಡಿಕೆ ಸಾಲಿನ ನಡುವೆ ತಂತಿ ನೇರವಾಗಿ ಎಳೆಯಲು ಜಾಗವಿಲ್ಲದೆ ಗೆರೆ ಬಾಗಿತು, ಒಂದು ತುದಿ ಕಾಡುಹಂದಿಗೆ ಹಾಕಿದ ಐಬೆಕ್ಸ್ (ಶಾಕ್ ಕೊಡುವ ವಿದ್ಯುತ್) ಬೇಲಿಯ ಬುಡಕ್ಕೆ ಹೋಯಿತು, ಬೇಲಿಯ ಕಬ್ಬಿಣದ ಕಂಬಗಳು ಸಾಲಿಗೆ ಸಮಾನಾಂತರವಾಗಿದ್ದವು. ಪಂಪ್‌ಸೆಟ್ಟಿನ ಅರ್ತಿಂಗ್ ತಂತಿಯೂ ಅಲ್ಲೇ ಇತ್ತು. ಇವುಗಳಿಂದ ಕರೆಂಟು ಸುಲಭದ ದಾರಿ ಹಿಡಿದು ಅಂಕಿ ಕೆಳಗಿಳಿಯುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. 135ರಿಂದ 150 ಅಡಿಯ ನಡುವೆ ಬಿರುಕು ಸಿಗಬಹುದು ಎಂದು ಹೇಳಿ ಹೊರಟರು. ಮಾವ ಆ ಮಾತನ್ನು ನಂಬಿ 230 ಅಡಿಯವರೆಗೆ ಕೊರೆಸಿದರು, ಕೇಸಿಂಗ್ ಪೈಪ್ ಇಳಿಸಿದರು, ಸಿಕ್ಕಿದ್ದು ಅರ್ಧ ಇಂಚೂ ಇಲ್ಲ. ವಯಸ್ಸಾದ ಅವರು ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಪಾಲನ್ನು ಇದಕ್ಕೆ ಹಾಕಿದ್ದರು. ಕೆಲಸ ಅರ್ಧವಾದರೆ 'ಇಂದು ಆಗಲಿಲ್ಲ, ಬೇಲಿ ಬಿಚ್ಚಿಸಿ, ಮತ್ತೆ ಬರುತ್ತೇನೆ' ಎಂದು ಹೇಳುವ ಧೈರ್ಯ ಈ ಸೇವೆಯಲ್ಲಿ ಇರಬೇಕು. ಆ ಒಂದು ಮಾತು ಅವರ ಬಾಯಿಂದ ಬರಲಿಲ್ಲ ಎಂಬುದೇ ನನ್ನ ದೊಡ್ಡ ದೂರು.

ವರದಿಯ ಬಗ್ಗೆ ಇನ್ನೆರಡು ಮಾತು. ಒಂಬತ್ತು ದಿನ ಬಿಟ್ಟು ಬಂದ ವರದಿ ಎರಡೇ ಪುಟದ್ದು, ಇಂಗ್ಲಿಷಿನಲ್ಲಿ ಇತ್ತು, ಆಳವೆಲ್ಲ ಮೀಟರಿನಲ್ಲಿ. ಬಾವಿ ತೋಡುವವರು ಲೆಕ್ಕ ಹಾಕುವುದು ಅಡಿಯಲ್ಲಿ, ಓದುವುದು ಕನ್ನಡ. ನಾನೇ ಎರಡನ್ನೂ ಬದಲಿಸಿ ಬರೆದುಕೊಡಬೇಕಾಯಿತು. ಅಳತೆಯ ಅಂಕಿಗಳ ಪಟ್ಟಿಯಾಗಲಿ ಲಾಗ್ ಹಾಳೆಯ ಗೆರೆಯಾಗಲಿ ಅದರಲ್ಲಿ ಇರಲಿಲ್ಲ, ಕೇಳಿ ಪಡೆದೆ. ಕೇಳಿದಾಗ ಅವರು ಸಂಕೋಚವಿಲ್ಲದೆ ಕೊಟ್ಟರು ಎಂಬುದನ್ನೂ ಹೇಳಬೇಕು. ಆ ಹಾಳೆ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬ ಜಿಯಾಲಜಿಸ್ಟರು ಬಂದರೂ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಹಾಳೆ ಕೊಡಲು ಒಪ್ಪದವರ ಹತ್ತಿರ ಅಳತೆ ಮಾಡಿಸಬೇಡಿ.

ಬೇರೆ ವಿಧಾನಗಳನ್ನೂ ನಾನು ವಿಚಾರಿಸಿದ್ದೆ. ಸುತ್ತಿಗೆಯಿಂದ ನೆಲಕ್ಕೆ ಹೊಡೆದು ಕಂಪನದ ವೇಗ ಅಳೆಯುವ ಭೂಕಂಪನ ವಿಧಾನ ಮರಳುಗಾಡಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಒಣ ಮರಳಿನಲ್ಲಿ ಕಂಪನ ಸೆಕೆಂಡಿಗೆ ಕೆಲವೇ ನೂರು ಮೀಟರ್ ಓಡಿದರೆ ನೀರು ತುಂಬಿದ ಮರಳಿನಲ್ಲಿ 1,500 ಮೀಟರಿನ ಹತ್ತಿರ ಹೋಗುತ್ತದೆ, ನೀರಿನ ಮಟ್ಟ ಎದ್ದು ಕಾಣುತ್ತದೆ. ಆದರೆ ಈ ವಿಧಾನಕ್ಕೆ ಕೆಳಕ್ಕೆ ಹೋದಂತೆ ವೇಗ ಹೆಚ್ಚುತ್ತ ಹೋಗಬೇಕು. ನಮ್ಮಲ್ಲಿ ಗಟ್ಟಿ ಚಿರೆಕಲ್ಲು ಮೇಲೆ, ಮೆತ್ತನೆಯ ಶೇಡಿ ಕೆಳಗೆ, ಹಾಗಾಗಿ ಶೇಡಿಯ ಪದರ ಅದಕ್ಕೆ ಕಾಣದೇ ಹೋಗುತ್ತದೆ. ನೆಲದೊಳಗೆ ರೇಡಿಯೋ ಅಲೆ ಕಳಿಸುವ ರಾಡಾರ್ ಒಣ ಮರಳಿನಲ್ಲಿ ಆಳಕ್ಕೆ ಹೋಗಬಲ್ಲದು, ಜೇಡಿ ಮತ್ತು ಉಪ್ಪು ಎದುರಾದರೆ ಅಲ್ಲಿಯೇ ಸಾಯುತ್ತದೆ, ಆದ್ದರಿಂದ ಖಾರಿಯ ಅಂಚಿಗೆ ಪ್ರಯೋಜನವಿಲ್ಲ. ನೆಲಕ್ಕೆ ಗೂಟವನ್ನೇ ಹೊಡೆಯದೆ ತಂತಿಯ ಸುರುಳಿಯಿಂದ ಅಳೆಯುವ ವಿದ್ಯುತ್ಕಾಂತ ವಿಧಾನ ಒಣ ನೆಲಕ್ಕೆ ಅತ್ಯುತ್ತಮ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಅಂಥ ಸುರುಳಿಯನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಹಾರಿಸುತ್ತದೆ. ನಮ್ಮ ರಾಜ್ಯದಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಅದರ ಪ್ರಯೋಗ ನಡೆದಿತ್ತು, 2021ರ ಅಕ್ಟೋಬರಿನಲ್ಲಿ ಜೋಧಪುರದಿಂದ ವಾಯವ್ಯ ಭಾರತದ ಒಣಪ್ರದೇಶಗಳ ದೊಡ್ಡ ಸಮೀಕ್ಷೆ ಆರಂಭವಾಯಿತು. ಒಂದು ಮನೆಯ ಬಾವಿಗೆ ಅದು ಆಗುವ ಮಾತಲ್ಲ. ಹತ್ತಾರು ಗೂಟಗಳನ್ನು ಒಮ್ಮೆಗೇ ಜೋಡಿಸಿ ನೆಲದ ಅಡ್ಡಕೊಯ್ತವನ್ನೇ ಚಿತ್ರವಾಗಿ ತೋರಿಸುವ ಇಮೇಜಿಂಗ್ ವಿಧಾನ ಮಾತ್ರ ಶಿರಸಿಯಂಥ ಬಿರುಕುಗಲ್ಲಿನ ಕಣಿವೆಗೆ ನಿಜವಾಗಿ ಬೇಕು, ಅದರ ಖರ್ಚು ಹಲವು ಪಟ್ಟು ಹೆಚ್ಚು. ಮೂರು ನಾಲ್ಕು ತೋಟದವರು ಕೂಡಿ ಒಂದೇ ದಿನ ಮಾಡಿಸಿದರೆ ಹಂಚಿಕೊಳ್ಳಬಹುದಾದಷ್ಟು.

ಕುಮಟಾದ ಮೂರು ಪಾಯಿಂಟು ಮತ್ತು ಒಂದು ಅಡ್ಡಸಾಲಿಗೆ ನಾವು 14,000 ರೂಪಾಯಿ ಕೊಟ್ಟೆವು, ಶಿರಸಿಯ ಒಂದು ಪಾಯಿಂಟಿಗೆ 4,500. ಮೊದಲನೆಯದು ಕೊಟ್ಟ ಹಣಕ್ಕಿಂತ ಹೆಚ್ಚಿನ ಕೆಲಸ, ಎರಡನೆಯದನ್ನು ಕೆಲಸವೆಂದು ನಾನು ಒಪ್ಪುವುದಿಲ್ಲ. ಇದನ್ನು ಅವರಿಗೆ ಫೋನಿನಲ್ಲಿ ನೇರವಾಗಿಯೇ ಹೇಳಿದೆ. ಅವರು ವಾದಿಸಲಿಲ್ಲ, ಹಣ ಕೇಳದೆ ಇನ್ನೊಮ್ಮೆ ಬರುತ್ತೇನೆ, ಆದರೆ ಬೇಲಿಯನ್ನು ಒಂದು ದಿನದ ಮಟ್ಟಿಗೆ ಕಳಚಬೇಕು, ಕಣಿವೆಯ ಅಡ್ಡಕ್ಕೆ ಎರಡೂ ಬೆಟ್ಟದವರೆಗೆ ತಂತಿ ಎಳೆಯಲು ದಾರಿ ಕಡಿದಿಡಬೇಕು, ಇಡೀ ದಿನ ಬೇಕು ಎಂದರು. ಅಡಿಕೆ ಕೊಯ್ಲು ಮುಗಿದು ತೋಟ ಬಿಡುವಾಗುವ ಮಾರ್ಚ್ ತಿಂಗಳಿಗೆ ದಿನ ಗೊತ್ತು ಮಾಡಿದ್ದೇವೆ. ಏಪ್ರಿಲ್ ಹೊತ್ತಿಗೆ ಇಂಥವರ ದಿನಗಳೆಲ್ಲ ತುಂಬಿಹೋಗಿರುತ್ತವೆ, ಆದ್ದರಿಂದ ಕರೆಸುವವರು ಸುಗ್ಗಿ ಹಬ್ಬದ ಮೊದಲೇ ಹೇಳಿಟ್ಟುಕೊಂಡು, ಸುತ್ತಲಿನ ಬಾವಿಗಳ ಆಳ, ಅವು ಬತ್ತುವ ತಿಂಗಳು, ಎಷ್ಟು ಅಡಿಗೆ ಶೇಡಿ ಬಂದಿತ್ತು ಎಂಬುದನ್ನು ನೆರೆಹೊರೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟಿರಿ. ನಮ್ಮ ಮನೆಯಲ್ಲಿ ಆ ಹಾಳೆಯನ್ನು ಬರೆಸಿದವಳು ನನ್ನ ಅಮ್ಮ, ಮೊದಲ ಗೂಟ ಹೊಡೆಯುವ ಮೊದಲು ಜಿಯಾಲಜಿಸ್ಟರು ಕೇಳಿ ತೆಗೆದುಕೊಂಡದ್ದೂ ಅದನ್ನೇ.